ಒಂದೇ ಬೆಳೆಯ ವರ್ಷದಲ್ಲಿ ಟ್ರೇಲರ್ ಖರೀದಿ: ಎರಡು ಆಕ್ಸಲ್ ಸಾಕೇ, ಮೂರು ಬೇಕೇ?

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಸರಕನ್ನು ತಾನೇ ತುಂಬಿಕೊಳ್ಳುವ ಅಥವಾ ತಾನೇ ಇಳಿಸುವ ಕೃಷಿ ಟ್ರೇಲರುಗಳಿಗೂ ಇದೇ ಇಳಿಕೆ ದೊರೆತಿದೆ. ತೆರಿಗೆ ಸೇರದ ಬೆಲೆ ಎರಡು ಲಕ್ಷ ರೂಪಾಯಿ ಎಂದುಕೊಂಡರೆ 24,000 ರೂಪಾಯಿಯ ತೆರಿಗೆ 10,000ಕ್ಕೆ ಇಳಿಯುತ್ತದೆ. ಆದರೆ ಇದೇ ಅವಧಿಯಲ್ಲಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳನ್ನು ಬದಲಿಸುವ ಸಲುವಾಗಿ 2025-26ರ ಎರಡನೆಯ ಬೆಳೆಗೆ ನೀರು ಬಿಡದಿರುವ ತೀರ್ಮಾನವೂ ಆಗಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದುದರ ಮುಂದುವರಿದ ಪರಿಣಾಮವಿದು. ಹಿಟ್ನಾಳ, ಹುಲಗಿ, ಮುನಿರಾಬಾದಿನಿಂದ ಗಂಗಾವತಿಯವರೆಗೆ ವರ್ಷಕ್ಕೆ ಎರಡು ಸುಗ್ಗಿಯ ಭತ್ತ ಹೊರುತ್ತಿದ್ದ ಟ್ರೇಲರಿಗೆ 2025-26ರಲ್ಲಿ ಒಂದೇ ಸುಗ್ಗಿ. ಬೆಲೆ ಇಳಿಯಿತೆಂದು ದೊಡ್ಡದನ್ನೇ ಕೊಳ್ಳೋಣವೆನ್ನುವವರು ಕಂತು ಕಟ್ಟುವ ದುಡಿಮೆಯೂ ಇಳಿದಿರುವುದನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆಕ್ಸಲ್ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆಯಲ್ಲಿ ಅರ್ಧ ಸತ್ಯವಿದೆ. 75 ಕೆ.ಜಿ. ತೂಕದ 80 ಚೀಲ ಭತ್ತವೆಂದರೆ 6 ಟನ್. ಖಾಲಿ ಟ್ರೇಲರಿನ ತೂಕ 2 ಟನ್ ಎಂದಿಟ್ಟುಕೊಂಡರೆ ಒಟ್ಟು 8 ಟನ್. ಇದರಲ್ಲಿ ಶೇ. 15ರಷ್ಟು ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಬಿದ್ದರೆ ಉಳಿದ 6.8 ಟನ್ ಗಾಲಿಗಳ ಪಾಲು. ಎರಡು ಗಾಲಿಯ ಟ್ರೇಲರಿನಲ್ಲಿ ಪ್ರತಿ ಟೈರಿಗೆ 3.4 ಟನ್ ಬೀಳುತ್ತದೆ. ಎರಡು ಆಕ್ಸಲ್ ಆದರೆ 1.7 ಟನ್. ಮೂರನೆಯ ಆಕ್ಸಲ್ ಸೇರಿಸಿದಾಗ ಅದರ ಕಬ್ಬಿಣ, ಪಾಟಾ, ಟೈರುಗಳಿಂದ ಅರ್ಧ ಟನ್ ಭಾರ ಹೆಚ್ಚುತ್ತದೆಂದು ಹಿಡಿದರೆ ಪ್ರತಿ ಟೈರಿಗೆ ಸುಮಾರು 1.2 ಟನ್. ಮೊದಲ ಹೆಜ್ಜೆಯಲ್ಲಿ ಭಾರ ಅರ್ಧಕ್ಕಿಳಿಯಿತು. ಎರಡನೆಯ ಹೆಜ್ಜೆಯಲ್ಲಿ ಮೂರನೆಯ ಒಂದು ಭಾಗವೂ ಇಳಿಯಲಿಲ್ಲ. ಆ ಅರ್ಧ ಟನ್ನನ್ನು ಮಾತ್ರ ಪ್ರತಿ ಸರತಿಯಲ್ಲೂ, ಖಾಲಿ ಮರಳುವಾಗಲೂ, ನಿಮ್ಮ ಡೀಸೆಲ್ಲೇ ಎಳೆಯಬೇಕು.

ಹೆಚ್ಚಿನ ತೊಂದರೆ ತಿರುವಿನಲ್ಲಿದೆ. ಮೂರೂ ಆಕ್ಸಲ್‌ಗಳು ಒಂದರ ಹಿಂದೊಂದು ಬಿಗಿಯಾಗಿ ಕೂತಿರುವ ಟ್ರೇಲರು ತಿರುಗುವಾಗ ನಡುವಿನ ಜೋಡಿ ಹೆಚ್ಚುಕಡಿಮೆ ನೆಟ್ಟಗೆ ಉರುಳುತ್ತದೆ. ಮುಂದಿನ ಮತ್ತು ಹಿಂದಿನ ಜೋಡಿಗಳು ಅಡ್ಡಡ್ಡ ಉಜ್ಜಿಕೊಂಡು ಸಾಗುತ್ತವೆ. ಡಾಂಬರಿನ ಮೇಲೆ ಇದು ಟೈರನ್ನು ತಿನ್ನುತ್ತದೆ. ಹಸಿ ಎರೆಭೂಮಿಯಲ್ಲಿ ಮಣ್ಣನ್ನು ಬದಿಗೆ ದೂಡಿ ಗುಂಡಿ ತೋಡುತ್ತದೆ. ವಿದೇಶದ ಭಾರೀ ಕೃಷಿ ಟ್ರೇಲರುಗಳಲ್ಲಿ ಇದಕ್ಕಾಗಿಯೇ ತಾನಾಗಿ ತಿರುಗುವ ಆಕ್ಸಲ್ ಇರುತ್ತದೆ, ಅವನ್ನು ಎಳೆಯುವ ಟ್ರ್ಯಾಕ್ಟರುಗಳ ಶಕ್ತಿಯೂ ನೂರು ಅಶ್ವಶಕ್ತಿಗೆ ಮೇಲ್ಪಟ್ಟದ್ದು. ನಾಲೆಯ ಏರಿಯಿಂದ ಗದ್ದೆಯ ದಾರಿಗೆ ಹೊರಳುವ ನಮ್ಮ ಇಕ್ಕಟ್ಟಿನ ತಿರುವುಗಳನ್ನು ನೀವೇ ಬಲ್ಲಿರಿ. ರಸ್ತೆಯ ಬಾಳಿಕೆಯ ದೃಷ್ಟಿಯಿಂದ ಮೂರು ಆಕ್ಸಲ್ ಮೇಲೆಂಬುದನ್ನು ಒಪ್ಪಬೇಕು: ಡಾಂಬರು ರಸ್ತೆಗಾಗುವ ಹಾನಿಯು ಆಕ್ಸಲ್ ಭಾರದ ಸುಮಾರು ನಾಲ್ಕನೆಯ ಘಾತದಲ್ಲಿ ಏರುತ್ತದೆ. ಆದರೆ ಎಂಟು ಟನ್ನಿನ ಮಟ್ಟದಲ್ಲಿ ಆ ಲಾಭದ ಬಹುಪಾಲು ಎರಡನೆಯ ಆಕ್ಸಲ್‌ನಿಂದಲೇ ದೊರೆತಿರುತ್ತದೆ.

ಮೂರು ಆಕ್ಸಲ್ ಎಂಬುದು ಮೂಲತಃ ಲಾರಿ ಸಾಗಣೆಯ ಮಾತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ಅಂತಹ ಮೂರು ಆಕ್ಸಲ್‌ಗಳ ಗುಂಪಿನ ಮೇಲಿನ ಮಿತಿಯನ್ನು 24ರಿಂದ 27 ಟನ್ನಿಗೆ ಏರಿಸಿತು. ನಮ್ಮ ಭಾಗದ 45-50 ಅಶ್ವಶಕ್ತಿಯ ಟ್ರ್ಯಾಕ್ಟರಿನ ತೂಕವೇ ಸುಮಾರು 2 ಟನ್. ಗಾಲಿ ಹೆಚ್ಚಿದೆಯೆಂಬ ಧೈರ್ಯದಿಂದ 12 ಟನ್ ತುಂಬಿದರೆ ಟ್ರ್ಯಾಕ್ಟರು ಅದನ್ನು ಸಮತಟ್ಟಿನಲ್ಲಿ ಎಳೆದೀತು, ಇಳಿಜಾರಿನಲ್ಲಿ ನಿಲ್ಲಿಸಲಾರದು. ಹಿಟ್ನಾಳದ ಬಳಿ 50ನೆಯ ರಾಷ್ಟ್ರೀಯ ಹೆದ್ದಾರಿಗೆ ಹತ್ತುವ, ಅದನ್ನು ದಾಟುವ ಟ್ರ್ಯಾಕ್ಟರುಗಳ ವಿಷಯದಲ್ಲಿ ನನಗಿರುವ ಆತಂಕ ಇದೇ. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಹಿಂದಿನ ಭಾರ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕಿ ಅಡ್ಡಲಾಗಿ ಮಡಚುತ್ತದೆ. ಮೂರನೆಯ ಆಕ್ಸಲ್‌ಗೆ ಇಡುವ ಹಣವನ್ನು ಬ್ರೇಕಿಗೆ ಇಡಿ. ಹಿಂಬದಿಯ ದೀಪ, ಪ್ರತಿಫಲಕಗಳನ್ನೂ ಹಾಕಿಸಿ.

ಎರಡು ಆಕ್ಸಲ್‌ನಲ್ಲಿಯೂ ಎರಡು ಬಗೆಯಿವೆ. ಮುಂದಿನ ಆಕ್ಸಲ್ ತಿರುಗುವ ನಾಲ್ಕು ಗಾಲಿಯ ಟ್ರೇಲರು ಕಬ್ಬು, ಚೀಲಗಳನ್ನು ರಸ್ತೆಯ ಮೇಲೆ ಸ್ಥಿರವಾಗಿ ಒಯ್ಯುತ್ತದೆ. ಆದರೆ ಅದು ಕೊಂಡಿಯ ಮೇಲೆ ಭಾರ ಹಾಕದ ಕಾರಣ ಕೆಸರಿನಲ್ಲಿ ಟ್ರ್ಯಾಕ್ಟರಿನ ಹಿಂಗಾಲಿಗೆ ಹಿಡಿತ ಸಿಗುವುದಿಲ್ಲ. ಹಿಂದಕ್ಕೆ ಸರಿಸುವುದೂ ಕಷ್ಟ. ಎರಡೂ ಆಕ್ಸಲ್‌ಗಳು ಹಿಂಭಾಗದಲ್ಲಿ ಜೋಡಿಯಾಗಿರುವ ಟಿಪ್ಪಿಂಗ್ ಟ್ರೇಲರು ಭತ್ತದ ರಾಶಿ, ಕೊಟ್ಟಿಗೆ ಗೊಬ್ಬರ, ಮರಂ ಎಲ್ಲಕ್ಕೂ ಒದಗುತ್ತದೆ. ನೀರಾವರಿಯ ಹಿಟ್ನಾಳ ಭಾಗಕ್ಕೆ ನಾನು ಸೂಚಿಸುವುದು ಇದನ್ನೇ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಜಮೀನಿನಲ್ಲಿ ಜೋಳ, ಕಡಲೆ ಸಾಗಿಸುವ ಸಣ್ಣ ಹಿಡುವಳಿದಾರರಿಗೆ ಎರಡು ಗಾಲಿಯ ಟ್ರೇಲರೇ ಸಾಕು, ಅದೂ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಖರೀದಿಸುವಾಗ ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಸಂಖ್ಯೆ 8716 20 ನಮೂದಾಗಿದೆಯೇ ನೋಡಿ. ಶೇ. 5ರ ದರ ಆ ವರ್ಗದ್ದು. ಸಾದಾ ಟ್ರೇಲರಿಗೆ ಅದು ತಾನಾಗಿ ಅನ್ವಯಿಸದು.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಕೋರಿಕೆ. ಸುಗ್ಗಿಯಲ್ಲಿ ನಿಮ್ಮ ಊರಿನ ಒಂದೆರಡು ಟ್ರೇಲರುಗಳನ್ನು ಭಾರದೊಂದಿಗೆ ವೇಬ್ರಿಜ್‌ಗೆ ಒಯ್ದು, ಟ್ರ್ಯಾಕ್ಟರಿನ ಮುಂಗಾಲಿಗಳನ್ನಷ್ಟೇ ಹತ್ತಿಸಿ ತೂಗಿಸಿ. ಆ ತೂಕ ಟ್ರ್ಯಾಕ್ಟರಿನ ಸ್ವಂತ ತೂಕದ ಶೇ. 20ಕ್ಕಿಂತ ಕಡಿಮೆಯಿದ್ದರೆ ನಾಲೆಯ ಸೇತುವೆ ಏರುವಾಗ ಮುಂಗಾಲಿ ನೆಲ ಬಿಡುವ ಅಪಾಯವಿದೆ. ಚೀಲಗಳನ್ನು ಹಿಂದಕ್ಕೆ ಸರಿಸಿ ಅಥವಾ ಮುಂದುಗಡೆ ತೂಕದ ಬಿಲ್ಲೆ ಹಾಕಿಸಿ ಮತ್ತೊಮ್ಮೆ ತೂಗಿಸಿ ತೋರಿಸಿ.