ಹಾಲು ಬೆರೆಸುವ ಮುನ್ನ

ಅಕ್ಕಿ ಕೊಳ್ಳುವಾಗ ಸೋನಾ ಮಸೂರಿಯೋ ರಾಜಮುಡಿಯೋ, ಹೊಸದೋ ಹಳೆಯದೋ ಎಂದು ಕೇಳದೆ ನಾವು ಚೀಲ ಮುಟ್ಟುವುದಿಲ್ಲ. ಬಾದಾಮಿ ಹಣ್ಣು ಮೇಲೋ ರಸಪುರಿ ಮೇಲೋ ಎಂದು ಊಟ ಮುಗಿದ ಮೇಲೂ ವಾದ ಮಾಡಬಲ್ಲೆವು. ಕಾಫಿಪುಡಿಗೆ ಬಂದರೆ ಮಾತ್ರ ‘ಅರ್ಧ ಕೆ.ಜಿ. ಕೊಡಿ’, ಅಷ್ಟೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ರಾಜ್ಯದವರು ನಾವು! ಬಾಬಾಬುಡನ್ ಏಳು ಬೀಜ ತಂದ ಕತೆ ಎಲ್ಲರಿಗೂ ಬಾಯಿಪಾಠ. ಇವತ್ತು ಫಿಲ್ಟರಿಗೆ ಹಾಕಿದ ಬೀಜ ಯಾವುದೆಂದು ಕೇಳಿದರೆ ಉತ್ತರವಿಲ್ಲ.

ಮನೆಯಲ್ಲಿ ಇನ್ನೂ ಒಳ್ಳೆಯ ಕಾಫಿ ಮಾಡಬೇಕೆಂದು ಹೊರಟವರಿಗೆ ಮೊದಲು ಎದುರಾಗುವುದು ಸಾಮಾನುಗಳ ಸಾಲು. ಗಾಜಿನ ಪಾತ್ರೆ, ಕಾಗದದ ಸೋಸುಕ, ಗ್ರಾಂ ತೋರಿಸುವ ತಕ್ಕಡಿ. ಅವುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅದಕ್ಕೂ ಮೊದಲು ಖರ್ಚಿಲ್ಲದ ಕೆಲಸವೊಂದಿದೆ. ಮನೆಯ ಡಿಕಾಕ್ಷನ್ನಿಗೆ ಒಂದಿಷ್ಟು ಬಿಸಿನೀರು ಬೆರೆಸಿ, ಹಾಲು ಸಕ್ಕರೆ ಹಾಕದೆ ಎರಡು ಗುಟುಕು ಕುಡಿಯುವುದು. ಮುಖ ಕಿವುಚಿಕೊಂಡರೂ ಸರಿಯೇ. ಹಾಲಿನ ಮರೆಯಲ್ಲಿ ಏನೇನು ಅಡಗಿತ್ತೆಂಬುದು ಆಗ ನಾಲಿಗೆಗೆ ಗೊತ್ತಾಗುತ್ತದೆ.

ಎಷ್ಟೋ ಮನೆಗಳಲ್ಲಿ ಹಾಗೆ ಅಡಗಿರುವುದು ಚಿಕೋರಿ. ಕಾಫಿಗೂ ಅದಕ್ಕೂ ನಂಟಿಲ್ಲ. ಗುಜರಾತ್, ಉತ್ತರ ಪ್ರದೇಶದ ಹೊಲಗಳಲ್ಲಿ ಬೆಳೆಯುವ ಗಿಡವೊಂದರ ಬೇರು. ಕೆಫೀನ್ ಇಲ್ಲ. ಹುರಿದರೆ ಕಪ್ಪಾಗುತ್ತದೆ, ನೀರಿಗೆ ಕರಗುವ ಅಂಶ ಕಾಫಿಯದಕ್ಕಿಂತ ಸರಿಸುಮಾರು ದುಪ್ಪಟ್ಟು. ಅಂದಮೇಲೆ ನಾವು ‘ಸ್ಟ್ರಾಂಗ್’ ಎಂದು ತಲೆದೂಗುವ ಲೋಟದ ಕಡುಬಣ್ಣ, ಮಂದ ಎರಡರಲ್ಲೂ ಬೇರಿನ ಪಾಲೇ ದೊಡ್ಡದಿರಬಹುದು. ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು ಎಂಬುದು ನಿಯಮ. ಅಚ್ಚು ಹಾಕಿಯೇ ಇರುತ್ತಾರೆ, ಓದುವವರಿಲ್ಲ.

ಚಿಕೋರಿಯನ್ನು ಬೈಯುವುದು ಈಗಿನ ಫ್ಯಾಷನ್. ನಾನು ಆ ಗುಂಪಿಗೆ ಸೇರಿದವನಲ್ಲ. ನಮ್ಮ ಸ್ಟೀಲ್ ಫಿಲ್ಟರಿಗೂ ಅದಕ್ಕೂ ಹಳೆಯ ಹೊಂದಾಣಿಕೆಯಿದೆ. ಚಿಕೋರಿ ನೀರು ಹೀರಿ ಉಬ್ಬಿ ಡಿಕಾಕ್ಷನ್ ಇಳಿಯುವುದನ್ನು ನಿಧಾನಿಸುತ್ತದೆ. ಆ ನಿಧಾನದಲ್ಲಿ ಕಾಫಿಯ ಸಾರವೂ ಚೆನ್ನಾಗಿ ಬಿಡುತ್ತದೆ. ‘ಪ್ಯೂರ್’ ಪುಡಿ ತಂದವರು ನಾಲ್ಕು ದಿನ ‘ನೀರು ನೀರು’ ಎಂದು ಗೊಣಗಿ ಹಳೆಯದಕ್ಕೇ ಮರಳುವುದು ಇದು ಗೊತ್ತಿಲ್ಲದೆ. ಚಿಕೋರಿ ಬಿಟ್ಟರೆ ಪುಡಿಯನ್ನು ಇನ್ನಷ್ಟು ನುಣ್ಣಗೆ ಬೀಸಿಸಬೇಕು, ಅಳತೆಯನ್ನೂ ಕೊಂಚ ಏರಿಸಬೇಕು. ಇಬ್ಬರಿಗೆ 20 ಗ್ರಾಂ ಪುಡಿ, 120 ಮಿ.ಲೀ. ನೀರು ಎಂದು ಆರಂಭಿಸಿ ಆಮೇಲೆ ನಿಮ್ಮ ರುಚಿಗೆ ತಿದ್ದಿಕೊಳ್ಳಿ. ಮರಳಿದ ನೀರನ್ನು ಮೊದಲು ಎರಡು ಚಮಚದಷ್ಟೇ ಹಾಕಿ, ಪುಡಿ ನೆನೆದು ಗುಳ್ಳೆ ಎದ್ದು ಅಡಗುವವರೆಗೆ ಕಾದು, ಉಳಿದದ್ದನ್ನು ಸುರಿದರೆ ಒಂದೇ ಹದದಲ್ಲಿ ಇಳಿಯುತ್ತದೆ. ಆ ಗುಳ್ಳೆ ಹುರಿದ ಬೀಜ ಹಿಡಿದಿಟ್ಟುಕೊಂಡಿದ್ದ ಇಂಗಾಲದ ಡೈಆಕ್ಸೈಡ್. ಬೀಸಿದ ಮೇಲೆ ಅದು ಬೇಗ ಹಾರಿಹೋಗುತ್ತದೆ, ಪರಿಮಳವನ್ನೂ ಜೊತೆಗೆ ಕರೆದುಕೊಂಡು. ಗುಳ್ಳೆಯೇ ಏಳದಿದ್ದರೆ ಪುಡಿ ಹಳತೆಂದೇ ಲೆಕ್ಕ. ಅದನ್ನು ಫ್ರಿಜ್ಜಿನಲ್ಲಿ ಇಂಗಿನ ಡಬ್ಬಿಯ ಪಕ್ಕ ಇಟ್ಟು ಕಾಪಾಡಿದ್ದೇವೆಂದು ಸಮಾಧಾನಪಟ್ಟುಕೊಳ್ಳುವವರೂ ಇದ್ದಾರೆ. ವಾರಕ್ಕಾಗುವಷ್ಟೇ ತರುವುದು ಮೇಲು. (ಎರಡನೇ ಡಿಕಾಕ್ಷನ್ ವಿಷಯ ಎತ್ತುವುದಿಲ್ಲ, ಅದು ಪ್ರತಿ ಮನೆಯ ಮಾನ ಮತ್ತು ಉಳಿತಾಯದ ಪ್ರಶ್ನೆ.)

ಬೀಜದ ಹೆಸರು ನಮಗೇಕೆ ತಿಳಿಯದು? ತಪ್ಪೆಲ್ಲ ಕುಡಿಯುವವರದಲ್ಲ. 1942ರ ಕಾಫಿ ಕಾಯ್ದೆಯ ದಿನಗಳಿಂದ ದಶಕಗಳ ಕಾಲ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು. ಗ್ರೇಡ್ ಉಳಿಯಿತು, ತೋಟದ ಹೆಸರು ರಾಶಿಯಲ್ಲಿ ಕರಗಿತು. ಯಾವ ಗುಡ್ಡದ ಮಗ್ಗುಲಲ್ಲಿ, ಯಾವ ಮರದ ನೆರಳಲ್ಲಿ ಹಣ್ಣಾಯಿತೆಂದು ಕೇಳಲು ದಾರಿಯೇ ಇರಲಿಲ್ಲ. 1990ರ ದಶಕದಲ್ಲಿ ಆ ಕಟ್ಟು ಸಡಿಲವಾಯಿತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಕೊಟ್ಟ ಎಸ್. 795 ತಳಿಯ ಹೆಸರು ಬೆಳೆಗಾರರ ಬಾಯಲ್ಲಿ ಮೊದಲಿನಿಂದಲೂ ಇತ್ತು. ಈಗ ಪೊಟ್ಟಣದ ಮೇಲೂ ಕಾಣಿಸುತ್ತಿದೆ. ಅತ್ತ ಇಟಲಿಯವರು ನಮ್ಮ ರೊಬಸ್ಟಾವನ್ನು ಹೆಸರು ಹಿಡಿದು ಕೊಂಡು ಎಸ್ಪ್ರೆಸೊಗೆ ಬೆರೆಸುತ್ತಲೇ ಬಂದಿದ್ದಾರೆ.

ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಈ ಮೂರೂ ಕಡೆಯ ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮೂರನ್ನೂ 100 ಗ್ರಾಂನಂತೆ ತಂದು, ಅದೇ ಫಿಲ್ಟರ್, ಅದೇ ಅಳತೆಯಲ್ಲಿ ದಿನಕ್ಕೊಂದು ಇಳಿಸಿ ನೋಡಬಹುದು. ಮನೆಯಲ್ಲಿ ಯಾರಾದರೂ ‘ಇವತ್ತಿನದು ಯಾಕೋ ಹುಳಿ ಅಲ್ವಾ?’ ಎಂದರೆ ಗಾಬರಿಯಿಂದ ಹಾಲು ಮೂಸಬೇಡಿ. ಕಡಿಮೆ ಹುರಿದ ಅರೇಬಿಕಾಗೆ ಹಣ್ಣಿನ ಹುಳಿ ಸಹಜ. ಹಿಡಿಸಲಿಲ್ಲವೆಂದರೆ ಮುಂದಿನ ಸಲ ಇನ್ನೂ ಸ್ವಲ್ಪ ಹುರಿಯಲು ಹೇಳಿ.