ಚೀಲ ಹಿಡಿದು ನಿಂತವರು

ವಿಜ್ಞಾನ ಕೇಂದ್ರಗಳ ಪ್ರಕಟಣೆಗಳಲ್ಲಿ ‘ಕುಟುಂಬ ಕಾರ್ಯಕ್ರಮ’ ಎಂಬ ಮಾತು ಈಚೆಗೆ ಮತ್ತೆ ಮತ್ತೆ ಕಾಣುತ್ತದೆ. ಕುಟುಂಬಸಮೇತರಾಗಿ ಬನ್ನಿ, ಆಡುತ್ತಾ ಕಲಿಯಿರಿ ಎಂಬ ಕರೆ ಅದರಲ್ಲಿರುತ್ತದೆ. ಕರೆಗೆ ಓಗೊಟ್ಟು ಹೋದ ಕುಟುಂಬ ಅಲ್ಲಿ ಏನು ಮಾಡುತ್ತದೆ ಎಂಬುದನ್ನು ಒಂದು ಭಾನುವಾರ ಸುಮ್ಮನೆ ನಿಂತು ನೋಡಬೇಕು. ಮಗು ಗುಂಡಿ ಒತ್ತುತ್ತದೆ. ತಾಯಿ ಊಟದ ಡಬ್ಬಿಯ ಚೀಲವನ್ನೂ ನೀರಿನ ಬಾಟಲಿಯನ್ನೂ ಹಿಡಿದು ನಿಂತಿರುತ್ತಾಳೆ. ತಂದೆ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾನೆ. ಅಜ್ಜಿ ಕೂರಲು ಬೆಂಚು ಹುಡುಕುತ್ತಾಳೆ. ಸಮವಸ್ತ್ರ ತೊಟ್ಟ ವಿವರಣಕಾರರು ಬಾಯಿಪಾಠ ಮಾಡಿದ ನಾಲ್ಕು ವಾಕ್ಯಗಳನ್ನು ಮಗುವಿಗೆ ಒಪ್ಪಿಸಿ ಮುಂದಿನ ಗುಂಪಿನ ಕಡೆಗೆ ತಿರುಗುತ್ತಾರೆ. ಇದನ್ನು ಕುಟುಂಬ ಕಾರ್ಯಕ್ರಮವೆನ್ನಲು ಇರುವ ಕಾರಣ ಒಂದೇ: ನಾಲ್ಕು ಟಿಕೇಟುಗಳು ಒಟ್ಟಿಗೆ ಮಾರಾಟವಾಗಿವೆ.

ದೊಡ್ಡವರನ್ನು ಹೀಗೆ ಚೀಲ ಹಿಡಿಯುವವರನ್ನಾಗಿ ಮಾಡಿರುವುದು ಆಕಸ್ಮಿಕವಲ್ಲ, ಅದು ನಮ್ಮ ವಿಜ್ಞಾನ ಕೇಂದ್ರಗಳ ಕಲ್ಪನೆಯಲ್ಲಿಯೇ ಇರುವ ದೋಷ ಎಂಬುದು ನನ್ನ ವಾದ. ಅಲ್ಲಿ ಜ್ಞಾನವೆಂಬುದು ಫಲಕದ ಮೇಲಿದೆ, ಅದನ್ನು ಪಡೆಯಬೇಕಾದದ್ದು ಮಗು, ತಂದೆತಾಯಿಗಳು ಸಾಗಣೆದಾರರು. ಈ ಕಲ್ಪನೆ ಬದಲಾಗದೆ ಎಷ್ಟು ಕೋಟಿ ಸುರಿದು ಎಷ್ಟು ಗ್ಯಾಲರಿ ಕಟ್ಟಿದರೂ ವಿಜ್ಞಾನ ಮನೆಯೊಳಗೆ ಬರುವುದಿಲ್ಲ.

ನಾನು ವಿಜ್ಞಾನ ಓದಿದವನಲ್ಲ. ಇಂಗ್ಲಿಷ್ ಸಾಹಿತ್ಯ ಓದಿ ಕೇಂದ್ರ ಸರಕಾರದ ನೌಕರಿ ಹಿಡಿದು, ವರ್ಗಾವಣೆಯ ದಾರಿಯಲ್ಲಿ ಸೂರತ್ತಿನ ದಕ್ಷಿಣಕ್ಕಿರುವ ಸಚಿನ್ ಎಂಬ ಕೈಗಾರಿಕಾ ಊರಿಗೆ ಬಂದು ನೆಲೆಸಿದವನು. ಹೋದ ವರ್ಷ ಧಾರವಾಡದ ಕಡೆಯಿಂದ ನನ್ನ ತಾಯಿ ಬಂದಿದ್ದಾಗ ಮಗಳನ್ನೂ ಕರೆದುಕೊಂಡು ಗುಜರಾತಿನ ಒಂದು ವಿಜ್ಞಾನ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ರಾಟೆಗಳ ಒಂದು ಪ್ರದರ್ಶಿಕೆ ಇತ್ತು. ಒಂದೇ ತೂಕದ ಮೂರು ಕಲ್ಲುಗಳು, ಒಂದಕ್ಕೆ ಒಂದು ರಾಟೆ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ನಾಲ್ಕು. ನನ್ನ ತಾಯಿ ಹಗ್ಗಕ್ಕೆ ಕೈ ಹಾಕಿದರು. ವಿವರಣಕಾರ ನಯವಾಗಿಯೇ ಅಂದ, ‘ಮಾಜಿ, ಇದು ಮಕ್ಕಳಿಗೆ.’ ಅವರು ಕೈ ತೆಗೆದರು. ಆದರೆ ಅವನು ಅತ್ತ ಹೋದ ಮೇಲೆ ಮೂರೂ ಹಗ್ಗಗಳನ್ನು ಒಂದೊಂದಾಗಿ ಜಗ್ಗಿ ನೋಡಿ ಮೊಮ್ಮಗಳಿಗೆ ಹೇಳಿದರು: ‘ತಂಗೀ, ನಮ್ಮ ಬಾವಿ ಗಡಗಡಿ ಈ ಮೊದಲನೇದರ ಹಂಗ. ಭಾರ ಏನೂ ಕಡಿಮಿ ಆಗೂದಿಲ್ಲ. ಮ್ಯಾಲಕ್ಕ ಎತ್ತೂದರ ಬದಲಿ ಕೆಳಗ ಜಗ್ಗತೀವಲ್ಲ, ಮೈಭಾರ ಕೈಗೆ ಕೂಡತೈತಿ, ಅಷ್ಟ. ಈ ಕಡೀದು ಹಗುರ ಐತಿ ಖರೆ, ಆದ್ರ ಹಗ್ಗ ಎಷ್ಟ ಉದ್ದ ಜಗ್ಗಬೇಕಾತು ನೋಡು.’

ಫಲಕದ ಮೇಲೆ ಹಿಂದಿ, ಗುಜರಾತಿ, ಇಂಗ್ಲಿಷ್ ಮೂರರಲ್ಲಿಯೂ ಬರೆದಿದ್ದ ವಿಷಯ ಇದೇ. ರಾಟೆಗಳು ಹೆಚ್ಚಿದಂತೆ ಬೇಕಾಗುವ ಬಲ ಕಡಿಮೆಯಾಗುತ್ತದೆ, ಎಳೆಯಬೇಕಾದ ಹಗ್ಗದ ಉದ್ದ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಮಾಡುವ ಕೆಲಸ ಮಾತ್ರ ಕಡಿಮೆಯಾಗುವುದಿಲ್ಲ. ಮೂವತ್ತು ವರ್ಷ ಬಾವಿಯಿಂದ ನೀರು ಸೇದಿದ ಕೈಗೆ ಗೊತ್ತಿರುವ ಆ ಭೌತಶಾಸ್ತ್ರವನ್ನು ಕೇಳುವ ಏರ್ಪಾಡು ಆ ಕೇಂದ್ರದಲ್ಲಿ ಇರಲಿಲ್ಲ. ವಿವರಣಕಾರನ ಮೇಲೆ ನನಗೆ ಸಿಟ್ಟಿಲ್ಲ. ಅಜ್ಜಿಯರೂ ಮಾತಾಡಬಹುದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ವಿಚಿತ್ರವೆಂದರೆ ಇದೇ ಗುಜರಾತಿನಲ್ಲಿ ಇದಕ್ಕೆ ತದ್ವಿರುದ್ಧವಾದ ಕಲ್ಪನೆಯೊಂದು ಅರ್ಧ ಶತಮಾನಕ್ಕೂ ಹಿಂದೆಯೇ ಹುಟ್ಟಿತ್ತು. ಅಹಮದಾಬಾದಿನಲ್ಲಿ 1960ರ ದಶಕದಲ್ಲಿ ವಿಕ್ರಂ ಸಾರಾಭಾಯಿ ಕಟ್ಟಿದ ಸಂಸ್ಥೆಗೆ ಇಟ್ಟ ಹೆಸರು ‘ಸಮುದಾಯ ವಿಜ್ಞಾನ ಕೇಂದ್ರ’. ಮಕ್ಕಳ ಕೇಂದ್ರವೆಂದಲ್ಲ, ಸಂಗ್ರಹಾಲಯವೆಂದೂ ಅಲ್ಲ. 1968ರ ಡಿಸೆಂಬರ್ 22ರಂದು ಬೆಂಗಳೂರಿನಿಂದ ಸಿ.ವಿ. ರಾಮನ್ ಅಲ್ಲಿಗೆ ಹೋಗಿ ಆಕಾಶವೇಕೆ ನೀಲಿ ಎಂಬ ವಿಷಯವಾಗಿ ಮಾತಾಡಿದರು. ನೊಬೆಲ್ ಬಹುಮಾನ ಪಡೆದ, ಎಂಬತ್ತು ತುಂಬಿದ್ದ ವಿಜ್ಞಾನಿ ಅಂದು ಆರಿಸಿಕೊಂಡದ್ದು ಎಲ್ಲರೂ ತಲೆಯೆತ್ತಿದರೆ ಕಾಣುವ ವಸ್ತುವನ್ನು. ಅದಕ್ಕೆ ಗುಂಡಿಯೂ ಬೇಡ, ಟಿಕೇಟೂ ಬೇಡ. ತಾತನೂ ಮೊಮ್ಮಗನೂ ಸಮಾನ ಅಜ್ಞಾನದಿಂದ ಕೇಳಬಹುದಾದ ಪ್ರಶ್ನೆ ಅದು. ಕುಟುಂಬ ಕಾರ್ಯಕ್ರಮಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ತಿಳಿದಿಲ್ಲ.

ಅದೇ ಅಹಮದಾಬಾದಿನ ಸೈನ್ಸ್ ಸಿಟಿ ಇಂದು ನೂರು ಹೆಕ್ಟೇರಿಗೂ ಮಿಕ್ಕ ವಿಸ್ತಾರದಲ್ಲಿದೆ. 2021ರ ಜುಲೈ 16ರಂದು ನೂರಾರು ಕೋಟಿ ರೂಪಾಯಿ ವೆಚ್ಚದ ಮತ್ಸ್ಯಾಗಾರವೂ ರೋಬೋಟುಗಳ ಗ್ಯಾಲರಿಯೂ ಅಲ್ಲಿ ಉದ್ಘಾಟನೆಯಾದವು. ಮೀನನ್ನೂ ರೋಬೋಟನ್ನೂ ನಾನು ದೂಷಿಸುವುದಿಲ್ಲ, ನನ್ನ ಮಗಳು ಎರಡನ್ನೂ ಕಂಡು ಹಿಗ್ಗಿದ್ದಾಳೆ. ಆದರೆ ಹಿಗ್ಗು ಬೇರೆ, ವಿಚಾರ ಬೇರೆ. ನೋಡಿ ಬೆರಗಾಗುವುದಕ್ಕೆ ಕುಟುಂಬ ಬೇಕಿಲ್ಲ. ಮಾತಾಡಿ ಅರ್ಥಮಾಡಿಕೊಳ್ಳುವುದಕ್ಕೆ ಬೇಕು.

ಮಾತಿನ ವಿಷಯ ಬಂದಾಗ ಇನ್ನೊಂದು ಅಹಿತವಾದ ಸತ್ಯವನ್ನೂ ಎದುರಿಸಬೇಕು. ಕ್ಯಾಲಿಫೋರ್ನಿಯಾದ ಒಂದು ಮಕ್ಕಳ ಸಂಗ್ರಹಾಲಯದಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪ್ರದರ್ಶಿಕೆಗಳ ಮುಂದೆ ನಿಂತ ತಂದೆತಾಯಿಗಳು ‘ಇದು ಹೀಗೇಕೆ’ ಎಂಬ ವಿವರಣೆಯನ್ನು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಿಗೆ ಸುಮಾರು ಮೂರು ಪಟ್ಟು ಹೆಚ್ಚಾಗಿ ಕೊಡುತ್ತಾರೆ ಎಂದು ಕಂಡುಬಂತು. ಮಕ್ಕಳಲ್ಲಿ ಕುತೂಹಲದ ವ್ಯತ್ಯಾಸವಿರಲಿಲ್ಲ, ವ್ಯತ್ಯಾಸ ಇದ್ದದ್ದು ದೊಡ್ಡವರಲ್ಲಿ. ಅಂದರೆ ಕುಟುಂಬವನ್ನು ಒಳಗೆ ಬಿಟ್ಟು ಸುಮ್ಮನಿದ್ದರೆ ಅದು ತನ್ನ ಹಳೆಯ ಅಭ್ಯಾಸಗಳನ್ನೇ ಒಳಗೂ ನಡೆಸುತ್ತದೆ. ಕುಟುಂಬಕ್ಕೂ ಒಂದು ಕಲಿಕೆ ಬೇಕು. ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆರಂಭಿಸಿದ ಎಕ್ಸ್‌ಪ್ಲೊರೇಟೋರಿಯಂ ಈ ದಿಕ್ಕಿನಲ್ಲಿ ಕೆಲಸ ಮಾಡಿದೆ. ಅಲ್ಲಿಯ ಒಂದು ಪ್ರಯೋಗದಲ್ಲಿ ಕುಟುಂಬಗಳಿಗೆ ಕೊಟ್ಟದ್ದು ಉತ್ತರಗಳನ್ನಲ್ಲ, ಒಂದು ಆಟವನ್ನು: ಪ್ರದರ್ಶಿಕೆಯನ್ನು ಮುಟ್ಟಿ ಆಡಿಸಿ, ಉತ್ತರ ಯಾರಿಗೂ ಗೊತ್ತಿರದ, ಆದರೆ ಅಲ್ಲಿಯೇ ಪರೀಕ್ಷಿಸಬಹುದಾದ ಪ್ರಶ್ನೆಯೊಂದನ್ನು ನೀವೆಲ್ಲ ಸೇರಿ ಆರಿಸಿಕೊಳ್ಳಿ, ಪರೀಕ್ಷಿಸಿ, ಏನು ತಿಳಿಯಿತೆಂದು ಒಬ್ಬರಿಗೊಬ್ಬರು ಹೇಳಿ. ಆಮೇಲೆ ಹೊಸ ಪ್ರದರ್ಶಿಕೆಯ ಮುಂದೆಯೂ ಆ ಕುಟುಂಬಗಳು ಉಳಿದವರಿಗಿಂತ ಚೆನ್ನಾಗಿ ವಿಚಾರ ಮಾಡಿದವು. ಇದಕ್ಕೆ ಹೊಸ ಕಟ್ಟಡ ಬೇಕಾಗಲಿಲ್ಲ.

ಈಗ ಸಚಿನ್ ಊರಿಗೆ ಬರುತ್ತೇನೆ, ಏಕೆಂದರೆ ಈ ಲೇಖನ ಬರೆಯಲು ಕಾರಣ ಇಲ್ಲಿದೆ. ನಮ್ಮ ಸುತ್ತಮುತ್ತ ಬಟ್ಟೆಯ ಮಗ್ಗಗಳು, ಬಣ್ಣದ ಗಿರಣಿಗಳು, ರಾಸಾಯನಿಕ ಕಾರ್ಖಾನೆಗಳು. ಒಡಿಶಾದ ಗಂಜಾಂ, ಬಿಹಾರ, ಉತ್ತರಪ್ರದೇಶ, ಮಹಾರಾಷ್ಟ್ರಗಳಿಂದ ಬಂದವರು ಹನ್ನೆರಡು ತಾಸಿನ ಪಾಳಿಗಳಲ್ಲಿ ಇಲ್ಲಿ ದುಡಿಯುತ್ತಾರೆ. ಇವರ ಮಕ್ಕಳನ್ನು ಶಾಲೆಯವರು ವರ್ಷಕ್ಕೊಮ್ಮೆ ಬಸ್ಸಿನಲ್ಲಿ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ದಾರು. ತಂದೆತಾಯಿಗಳು ಆ ಬಸ್ಸಿನಲ್ಲಿ ಇರುವುದಿಲ್ಲ.

ಇರಬೇಕಾದವರು ಅವರೇ. ಜಕಾರ್ಡ್ ಮಗ್ಗವನ್ನು ನಡೆಸುವವನ ಕಣ್ಣೆದುರಿಗೆ ಗಣಕಯಂತ್ರದ ಪೂರ್ವಜ ದಿನವೂ ಓಡುತ್ತಿರುತ್ತದೆ. ರಂಧ್ರವಿದ್ದರೆ ನೂಲು ಮೇಲೆ, ಇಲ್ಲದಿದ್ದರೆ ಕೆಳಗೆ ಎಂಬ ಜಕಾರ್ಡನ ಪಟ್ಟಿಗಳಿಂದಲೇ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಯಂತ್ರದ ಉಪಾಯವನ್ನು ಎರವಲು ಪಡೆದ. ಬಣ್ಣದ ಗಿರಣಿಯಲ್ಲಿ ದುಡಿಯುವವನಿಗೆ ಪಾಲಿಯೆಸ್ಟರ್ ಬಟ್ಟೆ 100 ಡಿಗ್ರಿಯ ಕುದಿಯುವ ನೀರಿನಲ್ಲಿ ಸರಿಯಾಗಿ ಬಣ್ಣ ಹಿಡಿಯುವುದಿಲ್ಲವೆಂದು ಗೊತ್ತು. ಒತ್ತಡ ಹೆಚ್ಚಿಸಿ 130 ಡಿಗ್ರಿಗೆ ಏರಿಸಬೇಕು. ಅವನ ಹೆಂಡತಿಯ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುವುದೂ ಅದೇ ನಿಯಮದಿಂದ: ಒತ್ತಡ ಏರಿದರೆ ನೀರು ಕುದಿಯುವ ಉಷ್ಣತೆಯೂ ಏರುತ್ತದೆ, ಬೇಳೆ ಬೇಗ ಬೇಯುತ್ತದೆ. ಗಂಡನ ಯಂತ್ರವನ್ನೂ ಹೆಂಡತಿಯ ಕುಕ್ಕರನ್ನೂ ಮಗಳ ಪಠ್ಯಪುಸ್ತಕವನ್ನೂ ಒಂದೇ ಮೇಜಿನ ಮೇಲೆ ಇಡುವ ಒಂದು ಭಾನುವಾರದ ಕಾರ್ಯಕ್ರಮಕ್ಕೆ ಎಷ್ಟು ಕೋಟಿ ಬೇಕು?

ಇದು ಕೇವಲ ಸೊಗಸಿನ ಮಾತಲ್ಲ. 2022ರ ಜನವರಿ 6ರ ನಸುಕಿನಲ್ಲಿ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರೊಂದರಿಂದ ಚರಂಡಿಗೆ ಅಕ್ರಮವಾಗಿ ಬಿಟ್ಟ ರಾಸಾಯನಿಕದಿಂದ ವಿಷಾನಿಲ ಎದ್ದು ಪಕ್ಕದ ಗಿರಣಿಯ ಆರು ಕಾರ್ಮಿಕರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ವಿಜ್ಞಾನ ಕಲಿತಿದ್ದರೆ ಅವರು ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಅದು ಸತ್ತವರ ಮೇಲೆಯೇ ತಪ್ಪು ಹೊರಿಸುವ ಮಾತಾಗುತ್ತದೆ. ತಪ್ಪು ಚರಂಡಿಗೆ ವಿಷ ಬಿಟ್ಟವರದು, ಅದನ್ನು ತಡೆಯಬೇಕಾದದ್ದು ಕಾನೂನು. ಆದರೆ ಚರಂಡಿಯ ಪಕ್ಕದಲ್ಲಿ ಉಳಿದು ಬದುಕಬೇಕಾದ ಕುಟುಂಬಗಳಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಸಲ್ಫೈಡ್ ಇರುವ ತ್ಯಾಜ್ಯಕ್ಕೆ ಆಮ್ಲ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಏರಿದರೆ ಮೂಗಿನ ಶಕ್ತಿಯನ್ನೇ ಅಡಗಿಸುತ್ತದೆ. ಆದ್ದರಿಂದ ವಾಸನೆ ನಿಂತಿತೆಂದರೆ ಅಪಾಯ ಕಳೆಯಿತೆಂದಲ್ಲ. ಗಾಳಿಗಿಂತ ತುಸು ಭಾರವಾದ ಆ ಅನಿಲ ತಗ್ಗಿನಲ್ಲಿ ನಿಲ್ಲುತ್ತದೆ. ಗುಂಡಿಯಲ್ಲಿ ಬಿದ್ದವನನ್ನು ಎತ್ತಲು ಉಸಿರಾಟದ ಸಲಕರಣೆಯಿಲ್ಲದೆ ಇಳಿದವನೂ ಅಲ್ಲಿಯೇ ಬೀಳುತ್ತಾನೆ. ಇದು ಹತ್ತನೆಯ ತರಗತಿಯ ರಸಾಯನಶಾಸ್ತ್ರವನ್ನು ಮೀರಿದ್ದಲ್ಲ. ಇದನ್ನು ಒಡಿಯಾದಲ್ಲಿಯೋ ಭೋಜಪುರಿಯಲ್ಲಿಯೋ ಅಪ್ಪ, ಅಮ್ಮ, ಮಕ್ಕಳಿಗೆ ಒಟ್ಟಿಗೆ ಕೂರಿಸಿ ತೋರಿಸುವ ಕುಟುಂಬ ಕಾರ್ಯಕ್ರಮ ಒಂದನ್ನೂ ಈ ಊರಿನಲ್ಲಿ ನಾನು ಕಂಡಿಲ್ಲ.

ಆಕ್ಷೇಪಗಳು ನನಗೆ ಗೊತ್ತು. ಜನಸಂದಣಿ ಹೆಚ್ಚು, ಸಿಬ್ಬಂದಿ ಕಡಿಮೆ. ತಂದೆತಾಯಿಗಳಿಗೇ ಆಸಕ್ತಿಯಿಲ್ಲ. ಎಲ್ಲ ಭಾಷೆಗಳಲ್ಲಿ ಹೇಳುವುದು ಸಾಧ್ಯವಿಲ್ಲ. ಮೊದಲನೆಯದರ ಬಗ್ಗೆ ಸರಕಾರಿ ನೌಕರನಾಗಿ ಒಂದು ಮಾತು. ವರದಿಯಲ್ಲಿ ನಾವು ಬರೆಯುವುದು ಫಲಾನುಭವಿಗಳ ಸಂಖ್ಯೆಯನ್ನು. ಐನೂರು ಮಂದಿ ಬಂದು ಏನೂ ತಿಳಿಯದೆ ಹೋದರೆ ಅದು ಯಶಸ್ಸು, ಐವತ್ತು ಮಂದಿ ಬಂದು ಮಾತಾಡಿ ಹೋದರೆ ಅದು ಕೊರತೆ. ಕಾಲಂ ಬದಲಾಗದೆ ಕಾರ್ಯಕ್ರಮ ಬದಲಾಗದು. ಎರಡನೆಯದಕ್ಕೆ, ಮುಟ್ಟಬೇಡಿ ಎನ್ನಿಸಿಕೊಂಡವರಲ್ಲಿ ಆಸಕ್ತಿಯನ್ನು ಹುಡುಕುವುದು ನ್ಯಾಯವಲ್ಲ. ಮೂರನೆಯದಕ್ಕೆ, ಫಲಕಗಳನ್ನು ಹತ್ತು ಭಾಷೆಗಳಲ್ಲಿ ಬರೆಯಿರೆಂದು ಯಾರೂ ಕೇಳುತ್ತಿಲ್ಲ. ಆ ಭಾಷೆಯ ಒಬ್ಬ ತಂದೆಯನ್ನೋ ತಾಯಿಯನ್ನೋ ತಿಂಗಳಿಗೊಂದು ಭಾನುವಾರ, ಗೌರವಧನ ಕೊಟ್ಟು, ವಿವರಣಕಾರರ ಜಾಗದಲ್ಲಿ ನಿಲ್ಲಿಸಿ.

ಗುಜರಾತಿನ ದೂರನ್ನು ಕನ್ನಡದಲ್ಲಿ ಏಕೆ ಬರೆಯುತ್ತೀರಿ ಎಂದು ಕೇಳಬಹುದು. ಏಕೆಂದರೆ ನಮ್ಮಲ್ಲಿಯೂ ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯವಿದೆ, ಧಾರವಾಡದಲ್ಲಿಯೂ ಪಿಲಿಕುಳದಲ್ಲಿಯೂ ಪ್ರಾದೇಶಿಕ ವಿಜ್ಞಾನ ಕೇಂದ್ರಗಳಿವೆ. ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನು ಬರೆದ ಭಾಷೆ ನಮ್ಮದು. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಕಾಲೇಜಿನ ಸಭಾಂಗಣದ ಬಾಗಿಲನ್ನು ಊರಿಗೆಲ್ಲ ತೆರೆದ ನಾಡೂ ನಮ್ಮದು. ಬೀದರಿನ ಬಿದ್ರಿ ಕೆಲಸಗಾರನಿಗೆ ಕೋಟೆಯ ಮಣ್ಣು ಸತುವಿನ ಮಿಶ್ರಲೋಹವನ್ನು ಕಪ್ಪಾಗಿಸಿ ಬೆಳ್ಳಿಯನ್ನು ಬಿಳಿಯಾಗಿಯೇ ಉಳಿಸುವುದು ಗೊತ್ತು. ಇಳಕಲ್ಲಿನ ನೇಕಾರಳಿಗೆ ಎರಡು ಬಗೆಯ ನೂಲನ್ನು ಕೊಂಡಿ ಹಾಕಿ ಸೆರಗನ್ನು ಸೇರಿಸುವುದು ಗೊತ್ತು. ಅವರು ಮಕ್ಕಳ ಕೈ ಹಿಡಿದು ವಿಜ್ಞಾನ ಕೇಂದ್ರಕ್ಕೆ ಬಂದರೆ ಅವರಿಗೂ ನಾವು ಕೊಡುವುದು ಒಂದು ಬೆಂಚನ್ನೇ.

ರಾಮನ್ನರ ಶೋಧದ ನೆನಪಿಗೆ ಆಚರಿಸುವ ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಮತ್ತೆ ಬರುತ್ತದೆ. ರಸಪ್ರಶ್ನೆ, ಚಿತ್ರಸ್ಪರ್ಧೆ, ಪ್ರಮಾಣಪತ್ರಗಳು ನಡೆಯುತ್ತವೆ. ಆ ದಿನ ಯಾವುದಾದರೂ ಒಂದು ಕೇಂದ್ರ ಮಕ್ಕಳನ್ನು ಸ್ವಲ್ಪ ಹೊತ್ತು ಕೂರಿಸಿ, ಅವರ ಹಿಂದೆ ಚೀಲ ಹಿಡಿದು ನಿಂತವರನ್ನು ಮುಂದಕ್ಕೆ ಕರೆದು, ‘ನಿಮ್ಮ ಕೆಲಸದಲ್ಲಿ ಇದನ್ನು ಎಲ್ಲಿಯಾದರೂ ಕಂಡಿದ್ದೀರಾ?’ ಎಂದು ಕೇಳಲಿ. ನನ್ನ ತಾಯಿ ಊರಿಗೆ ಮರಳಿದ್ದಾರೆ. ಆದರೆ ಮಗಳು ಈಗ ಕಟ್ಟಡ ಕಟ್ಟುವಲ್ಲಿ ರಾಟೆ ಕಂಡರೆ ನಿಂತು ಎಷ್ಟು ಹಗ್ಗ ಜಗ್ಗುತ್ತಾರೆಂದು ಎಣಿಸುತ್ತಾಳೆ. ಅದನ್ನು ಅವಳಿಗೆ ಕಲಿಸಿದ್ದು ಫಲಕವಲ್ಲ.