ಹೌಸ್‌ವೈಫ್ ಅಂದ್ರ ಬೈಗಳಾ ಏನ್ರಿ?



ಇತ್ತಿತ್ಲಾಗ ನಮ್ಮ ಹೆಂಗಸರೊಳಗ ಒಂದು ಹೊಸಾ ಮಡಿ ಸುರು ಆಗೇದ. "ಹೌಸ್‌ವೈಫ್" ಅನಬಾರದಂತ, ಮೈಲಿಗಿ ಆಗ್ತದಂತ. "ಹೋಮ್‌ಮೇಕರ್" ಅನಬೇಕಂತ. ಮಗಳ ಲಗ್ನದ ಬಯೋಡಾಟಾದಾಗ ತಾಯಿ ಹೆಸರಿನ ಮುಂದ ಹೋಮ್‌ಮೇಕರ್, ಮೊಮ್ಮಗನ ಸಾಲಿ ಅರ್ಜಿಯೊಳಗ ಹೋಮ್‌ಮೇಕರ್. 2023ರ ಆಗಸ್ಟ್ ತಿಂಗಳದಾಗ ನಮ್ಮ ಸುಪ್ರೀಂ ಕೋರ್ಟೂ ಒಂದು ಕೈಪಿಡಿ ತಗೀತು. ಹೆಣ್ಣುಮಕ್ಕಳ ಬಗ್ಗೆ ಕೋರ್ಟಿನಾಗ ಯಾವ ಶಬ್ದ ಬಳಸಬಾರದು, ಅದರ ಬದಲಿ ಯಾವುದು ಬಳಸಬೇಕು ಅಂತ ಅದರಾಗ ಪಟ್ಟಿ ಅದ. ಹೌಸ್‌ವೈಫ್ ತಗದು ಹೋಮ್‌ಮೇಕರ್ ಅನ್ರಿ ಅಂತ ಅದರಾಗೂ ಬರದಾರ.

ಕೋರ್ಟಿನವರ ಮನಸ್ಸು ಛಲೋ ಅದ, ಅವ್ರ ಮ್ಯಾಲೆ ನನ್ನ ತಕರಾರಿಲ್ಲ. ನನ್ನ ತಕರಾರು ಇರೋದು ನಮ್ಮ ನಮ್ಮ ಮ್ಯಾಲೇನ. ಮೊದಲ "ನೀವೇನ್ ಮಾಡ್ತೀರಿ?" ಅಂತ ಯಾರರೆ ಕೇಳಿದ್ರ "ಏನಿಲ್ರಿ, ಬರೇ ಹೌಸ್‌ವೈಫ್" ಅಂತಿದ್ವಿ. ಈಗ "ಏನಿಲ್ರಿ, ಜಸ್ಟ್ ಹೋಮ್‌ಮೇಕರ್" ಅಂತೀವಿ. ಶಬ್ದ ಬದಲಾತು, ಖರೇ. ಆ "ಏನಿಲ್ರಿ" ಹೋತೇನು? ಆ "ಬರೇ" ಹೋತೇನು? ಹಸಿ ಹಿಡದ ಗ್ವಾಡಿಗೆ ಹೊಸಾ ಬಣ್ಣ ಬಳದಂಗ ಇದು. ದೀಪಾವಳಿ ತನಕಾ ಛಂದ ಕಾಣಸ್ತದ, ಮುಂದ ಮಳಿಗಾಲಕ್ಕ ಮತ್ತ ಉದರ್ತದ.

ದೋಷ ಶಬ್ದದಾಗ ಇಲ್ರಿ. ದೋಷ ಇರೋದು ಲೆಕ್ಕದಾಗ. ಇದನ್ನ ಹೇಳ್ಲಿಕ್ಕೇ ಇವತ್ತ ಕೂತೇನಿ. ಅದಕ್ಕೂ ಮೊದಲ ಈ ಹೌಸ್‌ವೈಫ್ ಅನ್ನೋ ಶಬ್ದದ ಜಾತಕ ಒಮ್ಮೆ ನೋಡೋಣು ಬರ್ರಿ, ಭಾಳ ಮಜಾ ಅದ.

ಇದು ನಿನ್ನೆ ಮೊನ್ನೆ ಹುಟ್ಟಿದ ಶಬ್ದ ಅಲ್ಲ. 13ನೇ ಶತಮಾನದ ಇಂಗ್ಲಿಷಿನಾಗನ ಇತ್ತು. "ವೈಫ್" ಅಂದ್ರ ಅವಾಗ ಹೆಂಡತಿ ಅಂತಷ್ಟ ಅಲ್ಲ, ಹೆಂಗಸು ಅಂತ ಅರ್ಥ. ಸೂಲಗಿತ್ತಿಗೆ "ಮಿಡ್‌ವೈಫ್" ಅಂತಾರಲಾ, ಅಲ್ಲಿ "ಮಿಡ್" ಅಂದ್ರ ಜೋಡಿ, "ವೈಫ್" ಅಂದ್ರ ಹೆಂಗಸು. ಹಡಿಯೋ ಹೆಂಗಸಿನ ಜೋಡಿ ಇರಾಕಿ ಅಂತ. ಮೀನ ಮಾರಾಕಿ "ಫಿಶ್‌ವೈಫ್", ಆಕಿ ಏನ್ ಮೀನಿನ ಹೆಂಡತೇನ್ರಿ? ಹಂಗ ಹೌಸ್‌ವೈಫ್ ಅಂದ್ರ ಮನಿ ನಡಸೋ ಹೆಂಗಸು. ಬೆಣ್ಣಿ ಕಡಿಯೋದು, ನೂಲು ತಗಿಯೋದು, ಕೋಳಿ-ಹಿತ್ತಲಾ ನೋಡೋದು, ಜಡ್ಡು ಬಿದ್ದವರಿಗೆ ಗಿಡಮೂಲಿಕಿ ಅರದು ಕೊಡೋದು, ಆಳುಗಳ ಕಡಿಂದ ಕೆಲಸಾ ತಗಿಯೋದು ಎಲ್ಲಾ ಆಕೀದ. ಅದು ಒಂದು ಹುದ್ದೆ ಇದ್ದಂಗ ಇತ್ತು.

ಇದರ ಅಕ್ಕ-ತಂಗೀರ ಕತಿನೂ ಕೇಳ್ರಿ. "ಲೇಡಿ" ಅಂದ ಕೂಡ್ಲೆ ನಮಗ ಕೈಯಾಗ ಪರ್ಸ್ ಹಿಡದಾಕಿ ಕಣ್ಣಮುಂದ ಬರ್ತಾಳ. ಹಳೇ ಇಂಗ್ಲಿಷಿನಾಗ ಅದರ ಮೂಲ ಅರ್ಥ ರೊಟ್ಟಿ ಹಿಟ್ಟು ನಾದಾಕಿ ಅಂತ. "ಲಾರ್ಡ್" ಅಂದ್ರ ಆ ರೊಟ್ಟಿ ಕಾಯಾಂವ. ಅಂದ್ರ ದಿನಾ ಮುಂಜಾನೆದ್ದು ಪರಾತದಾಗ ಜ್ವಾಳದ ಹಿಟ್ಟು ನಾದೋ ನಾವು ನೀವು ಮೂಲದಾಗನ ಲೇಡಿಗೋಳು! ರೊಟ್ಟಿ ಬಡಿಯೋ ಕೈಗೆ ಆ ಹೆಸರು ಬಂದಿತ್ತು. ಮುಂದ ಹೆಸರು ದೊಡ್ಡಮನಿ ಸೇರಿತು, ರೊಟ್ಟಿ ಅಡಗಿಮನ್ಯಾಗನ ಉಳೀತು.

ಇನ್ನ "ಹಸ್ಬಂಡ್". ಇದು ಉತ್ತರದ ನಾರ್ಸ್ ಭಾಷಾದಿಂದ ಬಂದದ್ದು. "ಹಸ್" ಅಂದ್ರ ಮನಿ, "ಬಂಡ್" ಅಂದ್ರ ಇರಾಂವ, ಒಕ್ಕಲಿಗ. ಮನಿವಂದಿಗ ಅಂತ ಅನ್ಕೋರಿ. ಒಕ್ಕಲುತನಕ್ಕ "ಹಸ್ಬಂಡ್ರಿ" ಅಂತ ಹೆಸರು ಬಂತು. ಹಿತಮಿತವಾಗಿ ಖರ್ಚು ಮಾಡಿ ಉಳಸೋದಕ್ಕೂ ಇಂಗ್ಲಿಷಿನಾಗ "ಹಸ್ಬಂಡ್" ಅಂತನ ಕ್ರಿಯಾಪದ ಅದ. ಸಾಸಿವಿ ಡಬ್ಬಿಯೊಳಗ ರೊಕ್ಕಾ ಮುಚ್ಚಿಟ್ಟು ಮನಿ ನಡಸಿದಾಕಿ ಯಾರು, ಉಳಿತಾಯಕ್ಕ ಹೆಸರು ಬಂದದ್ದು ಯಾರದು, ನೀವ ಹೇಳ್ರಿ.

ಈಗ ಕಹಿ ಮಾತು. ಹೌಸ್‌ವೈಫ್ ಅನ್ನೋದನ್ನ ಜನಾ ಗಡಬಡ್ಲೆ ಅಂದು ಅಂದು, 16ನೇ ಶತಮಾನದಾಗ ಅದು "ಹಸ್ಸಿ" ಆತು. ನಾವು ಅತ್ತಿಗೆವ್ವ ಅನ್ನೋದನ್ನ ಅತ್ಗೆವ್ವ ಮಾಡ್ತೀವಲಾ, ಹಂಗ. ಮೊದಲಿಗೆ ಹಸ್ಸಿ ಅಂದ್ರೂ ಮನಿ ಒಡತೀನ. 17ನೇ ಶತಮಾನ ಅನ್ನೋದ್ರಾಗ ಅದರ ಅರ್ಥ ಏನಾತು ಗೊತ್ತದೇನು? ಗಂಡುಬೀರಿ, ನಡತಿಗೆಟ್ಟಾಕಿ! ಒಂದ ಶಬ್ದ, ಒಂದ ಹೆಂಗಸು, ಮನಿ ಒಡತಿ ಇದ್ದಾಕಿ ಬೈಗಳಾದ್ಲು. "ಸ್ಪಿನ್‌ಸ್ಟರ್" ಅನ್ನಾಕಿದೂ ಇದ ಹಣೇಬರಹ. ಮೊದಲ ನೂಲು ತಗದು ತನ್ನ ಅನ್ನ ತಾ ದುಡಕೊಳ್ಳಾಕಿ. ಆಮ್ಯಾಲೆ ಲಗ್ನಾಗದ ಉಳದಾಕಿ. ಇಂಗ್ಲಂಡಿನ ಮದುವಿ ದಫ್ತರದಾಗ 2005ರ ತನಕಾ ಆ ಶಬ್ದ ಉಳಕೊಂಡಿತ್ತು.

ಹಸ್ಬಂಡ್ ಹೆಸರಿನಾಗೂ ಮನಿ ಇತ್ತು, ಹೌಸ್‌ವೈಫ್ ಹೆಸರಿನಾಗೂ ಮನಿ ಇತ್ತು. ಮನಿ ಅಂಟಿಕೊಂಡದ್ದಕ್ಕ ಅಂವ ಸಣ್ಣಾಂವ ಆಗ್ಲಿಲ್ಲ, ಆಕಿ ಆದ್ಲು. ನಮ್ಮ ಕಡೆನೂ ನೋಡ್ರಿ, ಗಂಡನ ಹೆಸರು ಹೇಳಬಾರದಂತ "ನಮ್ಮ ಮನಿಯವ್ರು" ಅಂತೀವಿ. ಯಾರರೆ "ಅವ್ರು ಬರೇ ಮನಿಯವ್ರು" ಅಂತ ಅಂದದ್ದು ಕೇಳೀರೇನು?

ಇನ್ನೊಂದು ಮಜಾ. ಸೂಜಿ, ದಾರ, ಗುಂಡಿ ಇಟ್ಟು ಸುತ್ತಿ ಕಟ್ಟೋ ಸಣ್ಣ ಬಟ್ಟಿ ಚೀಲಕ್ಕೂ ಇಂಗ್ಲಿಷಿನಾಗ ಹೌಸ್‌ವೈಫ್ ಅಂತನ ಹೆಸರು. 18ನೇ ಶತಮಾನದಿಂದ ಅದ. "ಹಸಿಫ್" ಅಂತ ಉಚ್ಚಾರ. ಎರಡೂ ಮಹಾಯುದ್ಧದಾಗ ಬ್ರಿಟಿಷ್ ಸಿಪಾಯಿಗಳ ಸಾಮಾನಿನಾಗ ಬಂದೂಕಿನ ಜೋಡಿ ಇದೂ ಇರ್ತಿತ್ತು. ಅಂವ ಕೂತು ತನ್ನ ಕೋಟಿನ ಗುಂಡಿ ಹಚ್ಚಿಕೊಂಡ್ರ ಅದು ಯುದ್ಧದ ತಯಾರಿ, ಸರಕಾರಿ ಸಾಮಾನು. ನಾವು ಅದ ಗುಂಡಿ ಹಚ್ಚಿದ್ರ ಟೈಂಪಾಸು!

ನೋಡಿದ್ರಿಲ್ಲೋ? ಒಳ್ಳೆ ಶಬ್ದನ ಇತ್ತು. ಕೆಲಸಕ್ಕ ಕಿಮ್ಮತ್ತು ಇಳಧಂಗ ಶಬ್ದದ್ದೂ ಇಳೀತು. ಅದಕ್ಕ ಹೇಳೋದು, ಇವತ್ತ ಹೋಮ್‌ಮೇಕರ್ ಅನ್ರಿ, ನಾಳೆ ಇನ್ನೊಂದು ಅನ್ರಿ. ಕೆಲಸಾ ಲೆಕ್ಕಕ್ಕ ಬರೂ ತನಕಾ ಪ್ರತಿ ಹೊಸಾ ಶಬ್ದನೂ ಹಳೇದರ ಹಾದೀನ ಹಿಡೀತದ.

ಈ ಲೆಕ್ಕದಿಂದ ನಮ್ಮನ್ನ ತಗದವರು ಯಾರು? 1881ರ ಇಂಗ್ಲಂಡಿನ ಜನಗಣತಿಯೊಳಗ ಮನಿಕೆಲಸಾ ಮಾಡೋ ಹೆಂಡಂದಿರನ್ನ "ಉದ್ಯೋಗ ಇಲ್ಲದವರು" ಅನ್ನೋ ಗುಂಪಿಗೆ ಹಾಕಿದ್ರು. ಅವರು ಹೋದ ಮ್ಯಾಲೂ ನಾವು ಅದ ಚಾಳಿ ಹಿಡದ್ವಿ. 2001ರ ನಮ್ಮ ಜನಗಣತಿಯೊಳಗ ಅಡಗಿ ಮಾಡಾಕಿ, ಮುಸರಿ ತಿಕ್ಕಾಕಿ, ನೀರು ಹೊರಾಕಿ, ಮಕ್ಕಳನ್ನ ನೋಡಕೊಳ್ಳಾಕಿ ಎಲ್ಲಾರೂ "ಕೆಲಸಾ ಮಾಡದವರು". ಭಿಕ್ಷುಕರು, ಜೈಲಿನಾಗ ಇರೋ ಕೈದಿಗಳು ಇರೋ ಗುಂಪಿನಾಗನ ಸುಮಾರು 36 ಕೋಟಿ ಹೆಣ್ಣುಮಕ್ಕಳು! ಇದು ನಾ ಹೇಳೋದಲ್ರಿ, 2010ರಾಗ ಸುಪ್ರೀಂ ಕೋರ್ಟ್ ಒಂದು ಅಪಘಾತದ ಖಟ್ಲೆದಾಗ ಇದನ್ನ ಎತ್ತಿ ತೋರಿಸಿ, ಇದು ತಪ್ಪು ಅಂತ ಹೇಳ್ತು.

ಇದರಾಗಿನ ಚೋದ್ಯ ಏನಂದ್ರ, "ಇಕಾನಮಿ" ಅನ್ನೋ ಶಬ್ದ ಹುಟ್ಟಿದ್ದು ಗ್ರೀಕ್ ಭಾಷಾದಾಗ, ಅದರ ಅರ್ಥನ ಮನಿ ನಡಸೋದು! ಮನಿಯಿಂದ ಹುಟ್ಟಿದ ಶಾಸ್ತ್ರ ಮನಿಯಾಕಿನ್ನ ಹೊರಗ ಹಾಕಿ ಬಾಗಲಾ ಹಾಕ್ಕೊಂಡ್ತು.

ಕೆಲಸಾ ಎಷ್ಟ ಅದ ಅಂತ ಸರಕಾರದವರ ಅಳದಾರ. 2019ರಾಗ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು ಮನಿಮನಿಗೆ ಹೋಗಿ ಯಾರ ದಿನಾ ಹ್ಯಾಂಗ ಹೋಗ್ತದ ಅಂತ ಕೇಳಿದ್ರು. ಪಗಾರಿಲ್ಲದ ಮನಿಕೆಲಸಾ ಮಾಡೋ ಹೆಂಗಸರು ದಿನಕ್ಕ ಸರಾಸರಿ 299 ನಿಮಿಷ, ಹತ್ರ ಹತ್ರ ಐದ ತಾಸು ಅದಕ್ಕ ಕೊಡ್ತಿದ್ರು. ಗಂಡಸರೊಳಗ ಮಾಡಾವ್ರದ್ದು 97 ನಿಮಿಷ. ಅದೂ ಮಾಡಾವ್ರು ಎಷ್ಟ ಮಂದಿ? ನೂರು ಹೆಂಗಸರೊಳಗ 81 ಮಂದಿ, ನೂರು ಗಂಡಸರೊಳಗ 26. ಇದರಾಗ ಮಕ್ಕಳು-ಮುದುಕರ ಆರೈಕಿ ಸೇರಿಲ್ಲ, ಅದರ ಲೆಕ್ಕಾನ ಬ್ಯಾರೆ.

ನಮ್ಮ ಓಣ್ಯಾಗಿನ ಒಬ್ಬ ಮೌಶಿ ಬಚ್ಚಲದಾಗ ಜಾರಿ ಬಿದ್ದು ಕೈ ಮುರಕೊಂಡ್ರು. ಆರು ವಾರ ಪ್ಲಾಸ್ಟರ್. ಮಧ್ಯಾಹ್ನಕ್ಕ ಖಾನಾವಳಿ ಡಬ್ಬಿ ಬಂತು, ರಾತ್ರಿಗೆ ಅಡಗಿಯಾಕಿ ಬಂದ್ಲು, ಅರಬಿ ಇಸ್ತ್ರಿಗೆ ಹೋದ್ವು, ಮೊಮ್ಮಗಳ ಅಭ್ಯಾಸಕ್ಕ ಟ್ಯೂಷನ್ ಹಚ್ಚಿದ್ರು, ಹಾಸಿಗಿ ಹಿಡದ ಅತ್ತಿಗೆ ಹಗಲಿಗೊಬ್ಬಾಕಿ ಆಯಾ. ತಿಂಗಳ ಕೊನಿಗೆ ಕಾಕಾ ಲೆಕ್ಕಾ ಬರದು ಗಾಬರಿ ಆಗಿ, "ನೀ ಇಷ್ಟ ತುಟ್ಟಿ ಅಂತ ಗೊತ್ತಿರ್ಲಿಲ್ಲ ನೋಡು" ಅಂದ್ರು. ಮೌಶಿ ಅಂದ್ರು, "ನಾ ತುಟ್ಟಿ ಅಲ್ರಿ, ನೀವು ಇಷ್ಟ ವರ್ಷ ಪುಕ್ಕಟ ತಗೊಂಡೀರಿ."

ಕೋರ್ಟಿನಾಗೂ ಈ ಲೆಕ್ಕ ಸಾವು ಆದ ಮ್ಯಾಲೇನ ಬಂದದ. 1989ರಾಗ ಜಮ್‌ಶೆಡ್‌ಪುರದಾಗ ಒಂದು ಸಮಾರಂಭಕ್ಕ ಬೆಂಕಿ ಬಿದ್ದು ಭಾಳ ಮಂದಿ ಹೆಂಗಸರು, ಮಕ್ಕಳು ತೀರಿಕೊಂಡ್ರು. ಪರಿಹಾರಕ್ಕ ಗೃಹಿಣಿಯರ ಕೆಲಸದ ಬೆಲಿ ವರ್ಷಕ್ಕ 12,000 ಅಂತ ಹಿಡದಿದ್ರು. ಇದು ಭಾಳ ಕಮ್ಮಿ ಆತು, ತಿಂಗಳಿಗೆ 3,000 ಹಿಡೀರಿ ಅಂತ 2001ರಾಗ ಸುಪ್ರೀಂ ಕೋರ್ಟ್ ಹೇಳ್ತು. 2021ರ ಜನವರಿ ಒಳಗ ಮತ್ತೊಂದು ತೀರ್ಪಿನಾಗ, ಮನಿಕೆಲಸಾನ ತಮ್ಮ ಮುಖ್ಯ ಕೆಲಸ ಅಂತ 2011ರ ಜನಗಣತಿಯೊಳಗ ಹೇಳಿದವರು ಸುಮಾರು 16 ಕೋಟಿ ಹೆಂಗಸರು, ಗಂಡಸರು ಬರೇ 58 ಲಕ್ಷ ಅಂತ ತೋರಿಸಿ, ಇವರ ಕೆಲಸಕ್ಕ ಆದಾಯದ ಲೆಕ್ಕ ಹಿಡಿಯಲಿಕ್ಕೇ ಬೇಕು ಅಂತು. ಸತ್ತ ಮ್ಯಾಲೆ ಬೆಲಿ ಕಟ್ಟಬಹುದಾದ ಕೆಲಸಕ್ಕ ಜೀವ ಇದ್ದಾಗ "ಏನಿಲ್ರಿ" ಅಂತ ನಾವ ಯಾಕ ಅನಬೇಕು?

ಕೆಲವರು ಅಂತಾರ, "ಪ್ರೀತಿಲೆ ಮಾಡೋದಕ್ಕ ರೇಟ್ ಹಚ್ಚೋದೇನ್ರಿ? ನಾವು ಗೃಹಲಕ್ಷ್ಮಿಯರು." ಇರ್ರಿ, ಲಕ್ಷ್ಮೀನ ಇರ್ರಿ. ಆದ್ರ ದೇವರಿಗೆ ಪಗಾರೂ ಕೊಡೂದಿಲ್ಲ, ರಜಾನೂ ಕೊಡೂದಿಲ್ಲ, ಅಷ್ಟ ಲಕ್ಷ್ಯದಾಗ ಇರ್ಲಿ. ನಮ್ಮ ರಾಜ್ಯದಾಗ 2023ರಿಂದ ಆ ಹೆಸರಿನ ಯೋಜನೆಯೊಳಗ ಮನಿ ಯಜಮಾನಿಗೆ ತಿಂಗಳಿಗೆ 2,000 ಕೊಡ್ತಾರ. ಅದು ಪಗಾರಲ್ಲ, ನೆರವು. ಆದ್ರೂ ಸರಕಾರಿ ಕಾಗದದಾಗ ಆಕಿ ಯಜಮಾನಿ ಅಂತ ಬರೀತಲಾ, ಅದು ಸಣ್ಣ ಮಾತಲ್ಲ. ಪ್ರತಿ ರೊಟ್ಟಿಗೆ ಬಿಲ್ ಹರೀರಿ ಅಂತ ನಾ ಹೇಳೂದಿಲ್ಲ. ರೊಟ್ಟಿ ತಾನ ಬಂದು ತಾಟಿನಾಗ ಬೀಳೂದಿಲ್ಲ ಅನ್ನೋದು ಲೆಕ್ಕಕ್ಕ ಬರ್ಲಿ.

ಒಂದು ಖಾರದ ಮಾತು ನಮಗೂ ಇರ್ಲಿ. ನಮ್ಮ ಮನ್ಯಾಗ ಕಸಾ-ಮುಸರಿಗೆ ಬರಾಕಿ ಪಾತೇಲಿ ತಿಕ್ಕಿದ್ರ ಜನಗಣತಿಯೊಳಗ ಆಕಿ ಕೆಲಸದಾಕಿ. ತನ್ನ ಮನಿಗೆ ಹೋಗಿ ಅದ ಪಾತೇಲಿ ತಿಕ್ಕಿದ್ರ ಖಾಲಿ ಕೂತಾಕಿ. ಪಾತೇಲಿ ಒಂದ, ಬೂದಿ ಒಂದ, ಕೈ ಒಂದ. ಇದು ಅನ್ಯಾಯ ಅಂತ ಅನಸಿದ್ರ, ಆಕಿ ಎರಡ ದಿನಾ ರಜಾ ಕೇಳಿದಾಗ ಮಾರಿ ಗಂಟ ಹಾಕೋ ಹಕ್ಕು ನಮಗಿಲ್ಲ. ನೌಕರಿಗೆ ಹೋಗೋ ಸೊಸಿಗೆ "ವರ್ಕಿಂಗ್" ಅಂತ ಹೆಸರಿಟ್ಟು, ಸಂಜಿಗೆ ಆಕಿ ಬಂದು ಒಲಿ ಮುಂದ ನಿಂತಾಗ ಅದನ್ನ ವರ್ಕ್ ಅನ್ನದ ಇರೋರೂ ನಾವ ಅಲ್ಲೇನು? ಲೆಕ್ಕ ಕೇಳೋರು ಮೊದಲ ಕೊಡಬೇಕು.

ಅದಕ್ಕ ಮೂರು ಮಾತು. ಒಂದು, "ಬರೇ", "ಜಸ್ಟ್", "ಸುಮ್ನ ಮನ್ಯಾಗ ಇರ್ತೇನಿ" ಇವನ್ನ ಇವತ್ತ ಬಿಡ್ರಿ. ಎರಡು, ಜನಗಣತಿಯವರು ಬಾಗಲಿಗೆ ಬಂದಾಗ ಒಳಗ ಚಹಾ ಮಾಡ್ಲಿಕ್ಕೆ ಓಡಬ್ಯಾಡ್ರಿ. ಹೊರಗ ಕೂತು ನಿಮ್ಮ ಉತ್ತರ ನೀವ ಹೇಳ್ರಿ. ಹೊಲದಾಗ ಪುಕ್ಕಟ ದುಡದ್ರೂ, ಮನಿ ಅಂಗಡ್ಯಾಗ ಗಲ್ಲೆಕ್ಕ ಕೂತ್ರೂ ಅದು ಅವರ ಲೆಕ್ಕದಾಗೂ ಕೆಲಸಾನ. ಸೀರಿಗೆ ಫಾಲ್ ಹಚ್ಚಿ, ಹಪ್ಪಳಾ ಮಾರಿ, ಟ್ಯೂಷನ್ ಹೇಳಿ ನಾಕ ರೂಪಾಯಿ ಗಳಸಿದ್ರ ಅದನ್ನೂ ಬರಸ್ರಿ. ಮೂರು, ಮಗಾ ಇರ್ಲಿ, ಮಗಳಿರ್ಲಿ, ಮನಿಯವ್ರಿರ್ಲಿ, ಉಂಡ ತಾಟು ಉಂಡವರ ತೊಳೀಲಿ. 97 ನಿಮಿಷ ಮ್ಯಾಲ ಏರ್ಲಿಕ್ಕೆ ಅಲ್ಲಿಂದನ ಸುರು.

ಅಷ್ಟಾದ ಮ್ಯಾಲೆ ಹೌಸ್‌ವೈಫ್ ಅನ್ರಿ, ಹೋಮ್‌ಮೇಕರ್ ಅನ್ರಿ, ಗೃಹಿಣಿ ಅನ್ರಿ, ನಿಮ್ಮ ಇಚ್ಛಾ. ಯಾವ ಹೆಸರೂ ಮೈಲಿಗಿ ಆಗಂಗಿಲ್ಲ.